ಅಪ್ಪನ ಕೈಯಲ್ಲಿ ಏನೂ ಇಲ್ಲದಿದ್ದರೆ

ಸಿರಿ, ಹೇಳಿದವಳು ನೀನಲ್ಲ. ಹೇಳಿದವನು ನಾನು. ನಿನ್ನ ಅಪ್ಪನ ಕೆಲಸ ಹೋದ ವಿಷಯವನ್ನು ಪತ್ರಿಕೆಯಲ್ಲಿ ಬರೆದವನು ನಾನು. ಅವರು ನೇರವಾಗಿ ಕೇಳಿದಾಗ ಇಲ್ಲ ಎಂದೆ. ಆಮೇಲೆ ಅವರು ನಿನ್ನ ಮೇಲೆ ಅನುಮಾನಪಟ್ಟಾಗ ಸುಮ್ಮನೆ ಕೂಡ ಇರಲಿಲ್ಲ — ಹೌದೆನ್ನುವಂತೆ ಮಾತಾಡಿದೆ. ಆಗ ನಿನಗೆ ಒಂಬತ್ತು ವರ್ಷ.

ಬಹುಕಾಲ ಸುದ್ದಿಮನೆಯಲ್ಲಿ ಕೆಲಸ ಮಾಡಿದವನು ನಾನು. ಮುಖ್ಯವಾದದ್ದು ಮೊದಲ ಪ್ಯಾರಾದಲ್ಲೇ ಬರಬೇಕು ಎಂದು ಕಿರಿಯರಿಗೆ ಹೇಳಿಕೊಡುತ್ತಿದ್ದೆ. ಈ ಒಂದು ಪ್ಯಾರಾ ಬರೆಯುವುದಕ್ಕೆ ನನಗೆ ಇಷ್ಟು ವರ್ಷ — ಇರಲಿ. ಉಳಿದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಏಕೆಂದರೆ ನಿನಗೆ ಗೊತ್ತಿರುವುದರಲ್ಲಿ ಒಂದು ಭಾಗ ನಾನು ಕೆಡಿಸಿಟ್ಟದ್ದು.

ನಿನ್ನ ಅಪ್ಪ ಮಲ್ಲಿಕಾರ್ಜುನ, ನಮಗೆಲ್ಲ ಮಲ್ಲಣ್ಣ. ಗದಗಿನವರು. ಡೆಟ್ರಾಯ್ಟ್ ಹತ್ತಿರ ಕಾರುಗಳ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ನಿಮ್ಮ ಮನೆ ನೋವೈಯಲ್ಲಿ, ನಮ್ಮದು ಇಲ್ಲಿ, ಶಿಕಾಗೋ ಹತ್ತಿರದ ವೆಸ್ಟ್‌ಮಂಟ್‌ನಲ್ಲಿ. ನಡುವೆ ಐದು ಗಂಟೆಯ ದಾರಿಯಿದ್ದರೂ ವರ್ಷಕ್ಕೆ ಮೂರು ನಾಲ್ಕು ಸಲ ಅವರು ಬರುತ್ತಿದ್ದರು, ಇಲ್ಲವೇ ನಾವು ಹೋಗುತ್ತಿದ್ದೆವು. ಹೋದಾಗಲೆಲ್ಲ ಆ ಆಟ.

ಅದು ಹಳೆಯ ಚೀನಾದ ರಾಜ್ಯಗಳ ಯುದ್ಧಗಳನ್ನು ಇಟ್ಟುಕೊಂಡು ಮಾಡಿದ ಕಾರ್ಡಿನ ಆಟ. ಅಪ್ಪನ ಸಹೋದ್ಯೋಗಿ ಲಿನ್ ಎಂಬಾತ ತನ್ನ ಪೆಟ್ಟಿಗೆಯನ್ನು ನಿಮ್ಮ ಮನೆಯಲ್ಲಿ ಬಿಟ್ಟಿದ್ದ. ಕಾರ್ಡುಗಳ ಮೇಲಿನದೆಲ್ಲ ಚೀನೀ ಬರಹ. ಪ್ರತಿಯೊಂದರ ಕೆಳಗೂ ಅವನೇ ಇಂಗ್ಲಿಷ್ ಚೀಟಿ ಅಂಟಿಸಿದ್ದ. ಆಡುವವರಿಗೆಲ್ಲ ಒಂದೊಂದು ಪಾತ್ರ — ಸೇನಾಪತಿ, ಮಂತ್ರಿ, ರಾಣಿ. ಅಪ್ಪ ಯಾವಾಗಲೂ ಕೋಟೆಪಾಲಕನನ್ನೇ ಆರಿಸಿಕೊಳ್ಳುತ್ತಿದ್ದರು. ಸೈನಿಕರೆಲ್ಲ ಸತ್ತ ಮೇಲೆ ಕೋಟೆಯ ಬಾಗಿಲು ಹಾರುಹೊಡೆದು, ಪೊರಕೆ ಹಿಡಿದು ಹೊಸ್ತಿಲ ಮುಂದೆ ಗುಡಿಸುತ್ತ ನಿಂತ ಮುದುಕ. ಒಳಗೆ ಏನೋ ಸಂಚಿದೆ ಎಂದುಕೊಂಡು ಶತ್ರುಸೇನೆ ಹಿಂದಿರುಗಿತಂತೆ. ಹಾಗಾಗಿ ಆಟದಲ್ಲಿ ಅವನಿಗೊಂದು ರಿಯಾಯಿತಿ: ಕೈಯಲ್ಲಿದ್ದ ಕಾರ್ಡುಗಳೆಲ್ಲ ಮುಗಿದುಹೋದರೆ ಬೇರೆಯವರು ಸೋಲುತ್ತಾರೆ, ಅವನನ್ನು ಮಾತ್ರ ಯಾರೂ ಹೊಡೆಯುವಂತಿಲ್ಲ.

ಕೊನೆಯ ಕಾರ್ಡನ್ನು ಮೇಜಿನ ಮೇಲೆ ಬಿಸಾಕಿ ಅಪ್ಪ ಎರಡೂ ಅಂಗೈ ತೋರಿಸುತ್ತಿದ್ದರು. "ಕೈ ಖಾಲಿ ನೋಡ್ರಿ. ಹೊಡೀರಿ ನೋಡೋಣು ಈಗ."

"ಸೋಂಬೇರಿಗಳಿಗೆ ಅಂತಲೇ ಮಾಡಿರೋ ಕಾರ್ಡು ಇದು," ಎನ್ನುತ್ತಿದ್ದರು ನಿನ್ನ ಅಮ್ಮ ಉಮಾ.

"ಸೋಂಬೇರಿ ಅಲ್ಲಬೇ. ವೈರಿ ಮುಂದ ನಿಂತಾಗ ಕಸಾ ಹೊಡಿಯಾಕ ಧೈರ್ಯ ಬೇಕು."

"ಆ ಧೈರ್ಯ ಸ್ವಲ್ಪ ಮನೇಲೂ ತೋರ್ಸಿ. ಪೊರಕೆ ಗರಾಜಲ್ಲಿದೆ."

ಆರ್ಥಿಕ ಹಿಂಜರಿತದ ಎರಡನೆಯ ವರ್ಷ ಲಿನ್‌ನ ಕೆಲಸ ಹೋಯಿತು. ಅವನು ಪೆಟ್ಟಿಗೆ ತೆಗೆದುಕೊಂಡು ಊರಿಗೆ ಹೊರಟುಹೋದ. ಅದಾಗಿ ಒಂದು ತಿಂಗಳಿಗೆ ಅಪ್ಪನ ಕೆಲಸವೂ ಹೋಯಿತು. ಅದನ್ನು ಅವರು ಅಮ್ಮನಿಗೆ ಹೇಳಲಿಲ್ಲ. ನಮ್ಮೂರಿನ ಹತ್ತಿರದ ಎಲ್ಕ್ ಗ್ರೋವ್ ವಿಲೇಜಿನಲ್ಲಿ ಕಂಪನಿಯ ಒಂದು ಪ್ರಾಜೆಕ್ಟಿದೆ, ವಾರದ ದಿನಗಳಲ್ಲಿ ಅಲ್ಲೇ ಇರಬೇಕು ಎಂದು ಹೇಳಿ ಬಂದು, ನಮ್ಮ ಬೇಸ್‌ಮೆಂಟಿನಲ್ಲಿ ಉಳಿದರು. ಹಗಲೆಲ್ಲ ಲೈಬ್ರರಿಯಲ್ಲಿ ಕೂತು ಅರ್ಜಿ ಹಾಕುವುದು, ಶುಕ್ರವಾರ ಸಂಜೆ ನೋವೈಗೆ ಹೊರಡುವುದು. ನನ್ನ ಹೆಂಡತಿ ವಿಜಯಾಳಿಗೂ ಅವರು ಪ್ರಾಜೆಕ್ಟಿನ ಕಥೆಯನ್ನೇ ಹೇಳಿದ್ದರು. ನಿಜ ಹೇಳಿದ್ದು ನನಗೊಬ್ಬನಿಗೆ.

ಆ ನವೆಂಬರಿನಲ್ಲಿ ನಿನ್ನ ಹುಟ್ಟುಹಬ್ಬಕ್ಕೆ ಅದೇ ಆಟದ ಹೊಸ ಪೆಟ್ಟಿಗೆಯನ್ನು ಶಿಕಾಗೋದ ಚೈನಾಟೌನಿನಿಂದ ತಂದವನು ನಾನೇ. ಅದು ಪರಿಷ್ಕೃತ ಆವೃತ್ತಿ, ಇಂಗ್ಲಿಷಿನಲ್ಲೇ ಮುದ್ರಿಸಿದ್ದು. ಕೋಟೆಪಾಲಕ ಗುರುತು ಸಿಗದಷ್ಟು ಬದಲಾಗಿದ್ದ. ಪೊರಕೆ ಹೋಗಿ ಕತ್ತಿ ಬಂದಿತ್ತು; ಮುದುಕ ಹೋಗಿ ಹುಬ್ಬು ಗಂಟಿಕ್ಕಿದ ಯುವಕ ಬಂದಿದ್ದ. ನಿಯಮವನ್ನೂ ತಿದ್ದಿದ್ದರು. ಹಳೆಯ ಕಾರ್ಡಿಗೆ ಬಲ ಹೆಚ್ಚಾಯಿತು ಎಂದು ಜೊತೆಗಿದ್ದ ಹಾಳೆಯಲ್ಲಿ ವಿವರಣೆ ಇತ್ತು. ಇನ್ನು ಮುಂದೆ ಯಾರಾದರೂ ಒಂದು ಸಲ "ಕೈ ತೋರಿಸು" ಎನ್ನಬಹುದು. ಕೈ ಖಾಲಿ ಎಂದು ಗೊತ್ತಾದರೆ ಅವನ ರಿಯಾಯಿತಿ ಹೋಯಿತು.

ಅಪ್ಪ ಆ ಹಾಳೆಯನ್ನು ಎರಡು ಸಲ ಓದಿ ನನ್ನ ಕಡೆ ನೋಡಿದರು. "ಪ್ರಕಾಶಾ, ಈ ಮುದುಕಗೂ ಲೇಆಫ್ ಮಾಡ್ಯಾರಲ್ಲೋ." ಎಲ್ಲರೂ ನಕ್ಕರು. ಆಟ ಶುರುವಾಗಿ ಅರ್ಧ ಗಂಟೆಗೆ ಅಮ್ಮ ಅವರ ಕಡೆ ತಿರುಗಿ, "ಎಲ್ಲಿ, ಕೈ ತೋರ್ಸಿ," ಎಂದರು. ಬರೀ ಆಟಕ್ಕೆ. ಅಪ್ಪ ಅಂಗೈ ಬಿಚ್ಚುವುದಕ್ಕೆ ಎಷ್ಟು ಹೊತ್ತು ಮಾಡಿದರೆಂದರೆ — ಅದನ್ನು ಗಮನಿಸಿದವನು ಬಹುಶಃ ನಾನೊಬ್ಬನೇ. ಗಮನಿಸುವುದೇ ನನ್ನ ಕಸುಬಾಗಿತ್ತು.

ಕ್ರಿಸ್‌ಮಸ್ ರಜೆಗೆ ನೀನು ನಾಲ್ಕು ದಿನ ನಮ್ಮಲ್ಲಿಗೆ ಬಂದೆ. ಅಪ್ಪನ ಆಫೀಸು ನೋಡಬೇಕು ಎಂದು ಹಟ ಹಿಡಿದೆ. ಅವರು ನಿನ್ನನ್ನು ಕಾರಿನಲ್ಲಿ ಎಲ್ಕ್ ಗ್ರೋವ್‌ಗೆ ಕರೆದುಕೊಂಡು ಹೋದರು. ಕಿಟಕಿಯಿಲ್ಲದ ಉದ್ದುದ್ದ ಕಟ್ಟಡಗಳು, ನೆತ್ತಿಯ ಮೇಲೆ ತಗ್ಗಿ ಇಳಿಯುವ ವಿಮಾನಗಳು. ಯಾವುದೋ ಒಂದು ಕಟ್ಟಡ ತೋರಿಸಿ ಇದೇ ಎಂದುಬಿಡಬೇಕು ಎಂದುಕೊಂಡಿದ್ದರಂತೆ. ಆಗಲಿಲ್ಲ. ಪಾರ್ಕಿಂಗ್ ಲಾಟಿನಲ್ಲೇ ನಿನಗೆ ಹೇಳಿಬಿಟ್ಟರು — ಕೆಲಸ ಹೋಗಿದೆ, ಅಮ್ಮನಿಗೆ ಹೇಳಬೇಡ, ನಾನೇ ಹೇಳುತ್ತೇನೆ ಎಂದು. ಈಗ ಗೊತ್ತಿದ್ದವರು ಇಬ್ಬರು: ನೀನು ಮತ್ತು ನಾನು.

ಮರುದಿನ ನೀನು ನಮ್ಮ ಊಟದ ಮೇಜಿನ ಮುಂದೆ ಕೂತು ಕಾಗದ ಕತ್ತರಿಸಿ, ಜೊತೆಗೆ ತಂದಿದ್ದ ಪೆಟ್ಟಿಗೆಯ ಹೊಸ ಕೋಟೆಪಾಲಕನ ಹೊಸ ನಿಯಮದ ಮೇಲೆ ಒಂದು ಚೀಟಿ ಅಂಟಿಸಿದೆ. ನೇರಳೆ ಬಣ್ಣದ ಪೆನ್ನು, ದೊಡ್ಡ ಇಂಗ್ಲಿಷ್ ಅಕ್ಷರಗಳು. ಅಪ್ಪನ ಕೈಯಲ್ಲಿ ಏನೂ ಇಲ್ಲದಿದ್ದರೆ ಅವರನ್ನು ಯಾರೂ ಹೊಡೆಯುವಂತಿಲ್ಲ. ಕತ್ತಿ ಹಿಡಿದ ಕೈಯ ಮೇಲೆ ಒಂದು ಪೊರಕೆಯನ್ನೂ ಬರೆದೆ. ಆ ಭಾನುವಾರ ವಿಜಯಾ ಆಂಟಿ ನಿನ್ನನ್ನು ಲೆಮಾಂಟ್ ದೇವಸ್ಥಾನದ ಮಕ್ಕಳ ತರಗತಿಗೆ ಕರೆದುಕೊಂಡು ಹೋದಳು. ಮಕ್ಕಳೆಲ್ಲ ತಮಗೆ ಇಷ್ಟವಾದ ಒಂದು ವಸ್ತು ತೋರಿಸಿ ಮಾತಾಡಬೇಕಿತ್ತು. ನೀನು ಆ ಕಾರ್ಡು ತೋರಿಸಿದೆ.

ಇನ್ನು ನನ್ನ ವಿಷಯ. ನಾನು ಆಗ ಇಲ್ಲಿನ ಒಂದು ಚಿಕ್ಕ ಇಂಗ್ಲಿಷ್ ವಾರಪತ್ರಿಕೆಯಲ್ಲಿದ್ದೆ. ಕೆಲಸ ಕಳೆದುಕೊಂಡವರ ಬಗ್ಗೆ ಅದರಲ್ಲಿ ಒಂದು ಅಂಕಣ ಬರುತ್ತಿತ್ತು, ಬರೆದವರ ಹೆಸರು ಹಾಕದೆ. ನಮ್ಮಲ್ಲೂ ಜನರನ್ನು ತೆಗೆಯುವ ಮಾತು ನಡೆದಿತ್ತು. ಆ ಜನವರಿಯಲ್ಲಿ ಸಂಪಾದಕರು, ಓದಿದವರ ಎದೆಗೆ ನಾಟುವಂಥದ್ದು ಯಾರ ಬಳಿಯಾದರೂ ಇದೆಯೇ ಎಂದು ಕೇಳಿದರು. ಇದೆ ಎಂದೆ.

ಅದೇ ವಾರ ಅಪ್ಪ ನನ್ನ ಅಡಿಗೆಮನೆಯಲ್ಲಿ ನಿಂತು ಹೇಳಿದ್ದರು: "ಎರಡು ವಾರ ತಡಿ ಪ್ರಕಾಶಾ. ಗ್ರ್ಯಾಂಡ್ ರ‍್ಯಾಪಿಡ್ಸ್‌ನ್ಯಾಗ ಇಂಟರ್‌ವ್ಯೂ ಐತಿ. ಆಗಲಿ ಬಿಡಲಿ, ಅದು ಮುಗದ ಮ್ಯಾಲೆ ಉಮಾಗ ನಾನ ಹೇಳ್ತೀನಿ." ಹಾಗೇ ಆಗಲಿ ಎಂದವನು ನಾನು. ಎಂದು, ಮೂರನೆಯ ದಿನ ಬರಹ ಕೊಟ್ಟೆ.

ಎಚ್ಚರ ವಹಿಸಿದ್ದೇನೆ ಎಂದುಕೊಂಡಿದ್ದೆ. ಹೆಸರು ಬದಲಿಸಿದೆ. ಡೆಟ್ರಾಯ್ಟ್ ತೆಗೆದು ಟೊಲೀಡೊ ಮಾಡಿದೆ. ಮಗಳನ್ನು ಮಗ ಮಾಡಿದೆ. ಚೀಟಿಯಲ್ಲಿದ್ದ ಅಪ್ಪ ಎಂಬ ಪದವನ್ನೂ ಡ್ಯಾಡ್ ಎಂದು ತಿದ್ದಿದೆ. ಆದರೆ ಚೀಟಿಯನ್ನು ಬಿಡಲು ಮನಸ್ಸಾಗಲಿಲ್ಲ. ನೇರಳೆ ಅಕ್ಷರ, ಕತ್ತಿಯ ಮೇಲಿನ ಪೊರಕೆ, ಖಾಲಿ ಕೈ — ಅದಕ್ಕಿಂತ ಒಳ್ಳೆಯ ಮುಕ್ತಾಯ ನನಗೆ ಸಿಕ್ಕಿರಲಿಲ್ಲ. ಒಬ್ಬ ಮನುಷ್ಯನನ್ನು ಗುರುತಿಸುವುದು ಹೆಸರಿನಿಂದಲ್ಲ, ಇಂಥ ಒಂದು ವಿವರದಿಂದ ಎಂದು ನನಗಿಂತ ಚೆನ್ನಾಗಿ ಬಲ್ಲವರು ಆ ಕಚೇರಿಯಲ್ಲಿ ಇರಲಿಲ್ಲ. ಗೊತ್ತಿದ್ದೂ ಇಟ್ಟೆ. ಇದು ಮರೆವಲ್ಲ, ಕೈತಪ್ಪೂ ಅಲ್ಲ. ಆ ಸಾಲನ್ನು ಬರೆದು ನಾನು ಖುಷಿಪಟ್ಟೆ.

ಪತ್ರಿಕೆ ಬಂದ ಎರಡು ದಿನಕ್ಕೆ ಯಾರೋ ಅದರ ಕೊಂಡಿಯನ್ನು ಕನ್ನಡ ಕುಟುಂಬಗಳ ಇಮೇಲ್ ಪಟ್ಟಿಗೆ ಹಾಕಿದರು. ಓದಿ, ಕಣ್ಣಲ್ಲಿ ನೀರು ಬರುತ್ತೆ ಎಂದು ಒಂದು ಸಾಲು. ನಿನ್ನ ಅಮ್ಮ ಅದನ್ನು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು, ತಮ್ಮ ಕಚೇರಿಯಲ್ಲಿ ಓದಿದರು. ನೀನು ಬರೆದ ಚೀಟಿಯನ್ನು ಅವರು ಮನೆಯಲ್ಲಿ ನೋಡಿದ್ದರು. ಕೊನೆಯ ಸಾಲಿನವರೆಗೂ ಅದು ಅವರಿಗೆ ಬೇರೆ ಯಾರದೋ ಕಷ್ಟವಾಗಿತ್ತು.

ರಾತ್ರೋರಾತ್ರಿ ಮನೆಗೆ ಹೋಗಿದ್ದ ಅಪ್ಪ ಮಾರನೆಯ ಬೆಳಿಗ್ಗೆ ನೋವೈಯಿಂದ ಫೋನ್ ಮಾಡಿದರು. ನಾನು ಕಚೇರಿಯಲ್ಲಿದ್ದೆ.

"ನೀ ಬರದಿಯೇನು ಇದನ್ನ?"

"ಇಲ್ಲ ಮಲ್ಲಣ್ಣ. ಆ ಕಾಲಮ್ ಯಾರ‍್ಯಾರೋ ಬರೀತಾರೆ."

"ಕೆಲಸಾ ಹೋದದ್ದು ನಿನಗ, ನಮ್ಮ ಸಿರಿಗೆ ಬಿಟ್ಟರ ಯಾರಿಗೂ ಗೊತ್ತಿರಲಿಲ್ಲ."

ಆಮೇಲೆ ಅವರೇ ಹೇಳಿದರು: "ಹಂಗಾದ್ರ ಗುಡಿಯಾಗ ಕಾರ್ಡ್ ತೋರಿಸುಮುಂದ ಎಲ್ಲಾ ಹೇಳಿರಬೇಕು ಬಿಡು ಇಕಿ. ಅಲ್ಲೆ ಯಾರರೆ ಕೇಳಿ ಬರದಾರ."

ಆಗ ನಾನು ಆಡಿದ ಮಾತು ಇದು, ಸಿರಿ: "ಮಕ್ಕಳು ತಾನೇ ಮಲ್ಲಣ್ಣ. ಅವಳಿಗೇನು ಗೊತ್ತಾಗತ್ತೆ, ಬಿಡಿ."

ನಿನ್ನ ಪರವಾಗಿ ಮಾತಾಡಿದಂತೆ ಆಡಿದೆ. ಆ ಒಂದು ಮಾತಿನಿಂದ ತಪ್ಪು ನಿನ್ನದೆಂದು ತೀರ್ಮಾನವಾಯಿತು. ಅವರು ಫೋನಿಡುವ ಮೊದಲು "ಥ್ಯಾಂಕ್ಸ್ ಪಾ" ಎಂದರು.

ಆಮೇಲೆ ನಡೆದದ್ದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಗ್ರ್ಯಾಂಡ್ ರ‍್ಯಾಪಿಡ್ಸ್ ಕೆಲಸ ಆಗಲಿಲ್ಲ. ಬೇಸಿಗೆಯ ಹೊತ್ತಿಗೆ ಬೇರೆಯದು ಸಿಕ್ಕಿತು. ಮನೆ ಉಳಿಯಿತು. ನಿನ್ನ ಅಮ್ಮ ವಿಜಯಾಳ ಹತ್ತಿರ ಒಮ್ಮೆ ಹೇಳಿದ್ದರಂತೆ, "ಕೆಲಸ ಹೋಗಿದ್ದಕ್ಕಲ್ಲ ನಂಗೆ ಬೇಜಾರು. ಮಗೂಗೆ ಗೊತ್ತಿತ್ತು, ಪೇಪರಿನವರಿಗೆ ಗೊತ್ತಿತ್ತು. ನಂಗೆ ಗೊತ್ತಿರಲಿಲ್ಲ." ಆ ಆಟದ ಪೆಟ್ಟಿಗೆ ಮತ್ತೆ ಮೇಜಿಗೆ ಬರಲಿಲ್ಲ. ಆ ವಸಂತದಲ್ಲಿ ನಮ್ಮ ಪತ್ರಿಕೆ ಆರು ಜನರನ್ನು ತೆಗೆಯಿತು. ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಆ ಬರಹದಿಂದಲೇ ಉಳಿದೆ ಎಂದು ಹೇಳಲಾರೆ. ಅಲ್ಲವೆಂದೂ ಹೇಳಲಾರೆ.

ಹೇಳಬಹುದಾಗಿದ್ದ ದಿನಗಳು ಎಷ್ಟೋ ಬಂದವು. ನಿನ್ನ ಗ್ರ್ಯಾಜುಯೇಶನ್ ದಿನ ನಿಮ್ಮ ಹಿತ್ತಿಲಿನಲ್ಲಿ ಅಪ್ಪ ಮತ್ತು ನಾನು ಒಂದೇ ಬೆಂಚಿನ ಮೇಲೆ ಕೂತಿದ್ದೆವು. ಈಗೇಕೆ ಎಂದುಕೊಂಡೆ. ಹಳೆಯದಾಯಿತು, ಎಲ್ಲರೂ ಮರೆತಿರುತ್ತಾರೆ, ಮಗುವಂತೂ ಎಂದೋ — ಹೀಗೆ. ಪರಿಶೀಲಿಸದ ಮಾತನ್ನು ಬೇರೆಯವರ ಬರಹದಲ್ಲಿ ಕಂಡರೆ ಹೊಡೆದುಹಾಕುತ್ತಿದ್ದವನು ಇದೊಂದನ್ನು ಹದಿನೈದು ವರ್ಷ ಹಾಗೇ ನಂಬಿಕೊಂಡೆ.

ಕಳೆದ ಚಳಿಗಾಲದಲ್ಲಿ ಅಪ್ಪ ತೀರಿಕೊಂಡರು. ಹದಿಮೂರನೆಯ ದಿನ ಊಟ ಮುಗಿದು ಜನ ಹೊರಡುತ್ತಿದ್ದಾಗ ನೀನು ನನ್ನನ್ನು ಅವರ ಕೋಣೆಗೆ ಕರೆದೆ. ಡ್ರಾಯರಿನಿಂದ ಆ ಕಾರ್ಡು ತೆಗೆದುಕೊಟ್ಟೆ. ಅಂಟು ಒಣಗಿ ಚೀಟಿಯ ಒಂದು ಮೂಲೆ ಎದ್ದಿತ್ತು. ನೇರಳೆ ಬಣ್ಣ ಮಾಸಿತ್ತು.

"ಇದು ನೀವಿಟ್ಕೊಳ್ಳಿ ಅಂಕಲ್. ಯು ಬಾಟ್ ಇಟ್. ನಂಗೆ ನೋಡಕ್ಕಾಗಲ್ಲ."

ಯಾಕೆ ಎಂದು ಕೇಳಿದೆ. ಕೇಳಬಾರದಿತ್ತು.

"ಬಿಕಾಸ್ ಐ ಟೋಲ್ಡ್, ಅಂಕಲ್. ಅಪ್ಪ ಬೈಲಿಲ್ಲ. ಕಾರಲ್ಲಿ ಕೂರ‍್ಸಿ ಒಂದೇ ಸಲ ಕೇಳಿದ್ರು, ಯಾರ ಮುಂದೆ ಹೇಳಿದೆ ಅಂತ. ಐ ಡಿಡ್ ನಾಟ್ ಈವನ್ ರಿಮೆಂಬರ್. ಅವರು ಹೇಳಿದ ಮೇಲೆ, ಐ ಮಸ್ಟ್ ಹ್ಯಾವ್, ಅಂತ ಅನ್ನಿಸ್ತು."

ಆಮೇಲೆ ಕಿಟಕಿಯ ಕಡೆ ನೋಡುತ್ತ ಇನ್ನೊಂದು ಮಾತು ಹೇಳಿದೆ. "ಕ್ಯಾನ್ಸರ್ ಅಂತ ಅಮ್ಮಂಗೆ ಮೊದಲನೇ ದಿನಾನೇ ಹೇಳಿದ್ರು. ನಂಗೆ ಮೂರು ತಿಂಗಳು ಹೇಳಲಿಲ್ಲ. ವೈ ವುಡ್ ಹಿ ಟೆಲ್ ಮಿ?"

ನಾನು ಆಗಲೂ ಹೇಳಲಿಲ್ಲ. ಕಾರ್ಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಹೊರಗೆ ಬಂದು, ನಿನ್ನ ಅಮ್ಮನಿಗೆ ಬರುತ್ತೇನೆ ಎಂದು ಹೇಳಿ, ಕಾರು ಹತ್ತಿದೆ.

ಅದು ಈಗ ನನ್ನ ಮೇಜಿನ ಮೇಲಿದೆ. ತಪ್ಪು ಅಚ್ಚಾದರೆ ಮುಂದಿನ ಸಂಚಿಕೆಯ ಎರಡನೆಯ ಪುಟದಲ್ಲಿ ತಿದ್ದುಪಡಿ ಹಾಕುವುದು ನನ್ನ ಕೆಲಸವಾಗಿತ್ತು — ಮೂರು ಸಾಲು, ಕೊನೆಯಲ್ಲಿ ವಿಷಾದಿಸುತ್ತೇವೆ. ಯಾರದೋ ಹೆಸರಿನ ಅಕ್ಷರ ತಪ್ಪಿದ್ದಕ್ಕೂ ಹಾಕಿದ್ದೇನೆ. ನಿನ್ನ ವಿಷಯದಲ್ಲಿ ಹಾಕಲಿಲ್ಲ. ಆ ತಿದ್ದುಪಡಿಯನ್ನು ಓದಬೇಕಾಗಿದ್ದ ಇನ್ನೊಬ್ಬರು ಈಗಿಲ್ಲ. ಮಗಳು ಮಾತು ಉಳಿಸಿಕೊಂಡಿದ್ದಳು ಎಂಬುದು ತಿಳಿಯದೆಯೇ ಅವರು ಹೋದರು. ಇದಕ್ಕೆ ನನ್ನಲ್ಲಿ ಪರಿಹಾರವಿಲ್ಲ.

ಇಷ್ಟು ಬರೆದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ನಿನಗೆ ಕನ್ನಡ ಓದಲು ಬರುವುದಿಲ್ಲ. ಅದು ನನಗೆ ಗೊತ್ತು. ಹಾಗಾದರೆ ಯಾರಿಗೆ ಬರೆಯುತ್ತಿದ್ದೆ, ಇಷ್ಟು ಹೊತ್ತು — ಮತ್ತೆ ನೀನೊಬ್ಬಳು ಓದಲಾರದ ಹಾಗೆ?

ಶನಿವಾರ ನೋವೈಗೆ ಬರುತ್ತೇನೆ. ಇದನ್ನು ನಿನ್ನೆದುರು ಕೂತು ನಾನೇ ಓದುತ್ತೇನೆ, ಇಂಗ್ಲಿಷಿನಲ್ಲಿ, ಯಾವ ಮಾತನ್ನೂ ಮೆದು ಮಾಡದೆ. ಅಮ್ಮನೂ ಜೊತೆಗಿರಲಿ. ಕಾರ್ಡನ್ನು ತರುತ್ತೇನೆ. ಎದ್ದ ಮೂಲೆಯನ್ನು ನಾನು ಅಂಟಿಸಿಲ್ಲ. ಅದನ್ನು ಮುಟ್ಟುವ ಹಕ್ಕು ನನಗಿಲ್ಲ.