ಅಡುಗೆಮನೆ ಕಪಾಟಿನ ಎರಡು ಬಿಳಿ ನರಿಗಳು

ಐದೂವರೆಗೆ ಯಜಮಾನರ ಕಂಪನಿ ಬಸ್ಸು, ಆರೂವರೆಗೆ ಮಕ್ಕಳ ಸ್ಕೂಲ್ ಬಸ್ಸು. ಆಮೇಲಿನ ಐದು ನಿಮಿಷ ನನ್ನದು. ಕಪಾಟಿನ ಅಕ್ಕಿ ಡಬ್ಬ ಸರಿಸಿ, ಹಿಂದಿರುವ ಬೆರಳುದ್ದದ ಮಾತೆ ಮರಿಯಮ್ಮನಿಗೆ ಕೈಮುಗಿದು, ಡಬ್ಬವನ್ನು ಮತ್ತೆ ಮುಂದಕ್ಕೆ ಎಳೆಯುತ್ತೇನೆ. (ಈಗ ಜಾಗ ಬದಲಿಸಿದ್ದೇನೆ, ಹುಡುಕಬೇಡಿ.) ಜುಬೈಲ್‌ಗೆ ಎಂಬ ಈ ಅರಬ್ ಊರಿಗೆ ಬಂದ ದಿನವೇ ಹೆದರಿಸಿದ್ದರು: ಮೂರ್ತಿ ಯಾರ ಕಣ್ಣಿಗಾದರೂ ಬಿದ್ದರೆ ಕೆಲಸವೂ ಹೋಯಿತು, ಇಲ್ಲಿ ವಾಸಕ್ಕೆ ಬೇಕಾದ ಇಕಾಮಾ ಪರವಾನಗಿಯೂ ಹೋಯಿತು.

ಮೊನ್ನೆ ಡಬ್ಬ ಎಳೆಯುತ್ತಿರುವಾಗಲೇ ಬೆಲ್ ಆಯಿತು. ಪಕ್ಕದ ಮನೆಯ ಜಪಾನಿ ಗೆಳತಿ ನವೋಕೊ (ಹೆಸರು ಬದಲಿಸಿದ್ದೇನೆ). ಗಂಡನ ಜೊತೆ ದಮ್ಮಾಮ್‌ಗೆ ಹೊರಟಿದ್ದಳು. "ಹಾಲ್‌ನಲ್ಲಿ ನೀರು ಸೋರುತ್ತಿದೆ, ಎಸಿಯವರು ಬಂದರೆ ತೋರಿಸಿ" ಎಂದು ಕೀ ಕೊಟ್ಟಳು.

ಬಂದವರು ನಮ್ಮ ಬಂಟ್ವಾಳದ ಹಮೀದಣ್ಣ. ಹಾಲ್ ನೋಡಿ ತಲೆಯಾಡಿಸಿದರು. "ನೀರು ಬರುವುದು ಅಡುಗೆಮನೆ ಗೋಡೆಯಿಂದ ಅಕ್ಕ. ಆ ಕಪಾಟು ಸ್ವಲ್ಪ ತೆಗೆಯಿರಿ."

ತೆಗೆದೆ.

ಎರಡು ಬಿಳಿ ನರಿಗಳು ನನ್ನನ್ನೇ ನೋಡುತ್ತಿದ್ದವು. ಪಿಂಗಾಣಿಯವು. ಕೊರಳಿಗೆ ಕೆಂಪು ಬಟ್ಟೆ, ಒಂದರ ಬಾಯಲ್ಲಿ ಪುಟ್ಟ ಕೀಲಿಕೈ. ಹಿಂದೆ ಕೆಂಪು ಕಮಾನು, ಮುಂದೆ ತಟ್ಟೆಯಲ್ಲಿ ಅನ್ನ ಮತ್ತು ಕರಿದ ತೋಫು. ನೈವೇದ್ಯ ಎಂದು ತಿಳಿಯಲು ಜಪಾನಿ ಭಾಷೆ ಬೇಕೆ?

ನಾಲ್ಕು ವರ್ಷದ ನೆರೆಯವಳು. ಅವಳ ಉಪ್ಪಿನಕಾಯಿಯ ರುಚಿ ಗೊತ್ತು, ಮೊಣಕಾಲು ನೋವು ಗೊತ್ತು. ಇದು ಗೊತ್ತಿರಲಿಲ್ಲ.

ಹಮೀದಣ್ಣ ಬೆನ್ನ ಹಿಂದೆಯೇ ನಿಂತಿದ್ದರು.

"ಎಂತ ಅಕ್ಕ ಅದು?"

"ಆಟದ ಸಾಮಾನು. ಮಕ್ಕಳದ್ದು." (ಕಾನ್ವೆಂಟಿನ ಸಿಸ್ಟರ್ ಕೇಳಿದ್ದರೆ ಮೊಣಕಾಲೂರಿಸುತ್ತಿದ್ದರು.)

"ಇವರಿಗೆ ಮಕ್ಕಳಿಲ್ಲ ಅಲ್ವಾ?"

ಅವರು ಒಂದು ಕ್ಷಣ ಆ ತಟ್ಟೆ ನೋಡಿದರು. ಆಮೇಲೆ ಬೆನ್ನು ತಿರುಗಿಸಿ ಚೀಲದಲ್ಲಿ ಸ್ಪ್ಯಾನರ್ ಹುಡುಕತೊಡಗಿದರು.

"ಬೇಗ ಖಾಲಿ ಮಾಡಿ. ನಾನು ನೋಡ್ಲಿಕ್ಕೆ ಬಂದದ್ದು ಪೈಪು ಮಾತ್ರ."

ನರಿಗಳನ್ನು ಟವೆಲ್‌ನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕುಳಿತೆ. ಅವರು ಹೋದ ಮೇಲೆ ಮತ್ತೆ ಜೋಡಿಸಿಟ್ಟೆ.

ಸಂಜೆ ಕೀ ಕೊಡುವಾಗ ಎಲ್ಲವನ್ನೂ ಹೇಳಿಬಿಟ್ಟೆ. ನವೋಕೊ ಬಿಳಿಚಿಕೊಂಡಳು. ಹಮೀದಣ್ಣ ಹೇಳಿದ ಮಾತನ್ನು ನನ್ನಿಂದ ಎರಡು ಸಲ ಹೇಳಿಸಿದಳು. ಮತ್ತೆ ಕಪಾಟು ತೆರೆದು, ನರಿಗಳನ್ನು ಅದಲುಬದಲು ಮಾಡಿದಳು. (ನಾನು ಎಡದ್ದನ್ನು ಬಲಕ್ಕೆ ಇಟ್ಟಿದ್ದೆ.) ದೇವರು ನರಿಯಲ್ಲವಂತೆ. ದೇವರ ಹೆಸರು ಇನಾರಿ, ಭತ್ತ ಬೆಳೆಸುವ ದೇವರು. ನರಿಗಳು ದೂತರು, ಕೀಲಿಕೈ ಕಣಜದ್ದು. ಅವಳ ಊರಿನ ಗುಡಿಗೆ ಸಾಲು ಸಾಲು ಕೆಂಪು ಕಮಾನುಗಳ ಕೆಳಗೆ ನಡೆದು ಹೋಗಬೇಕಂತೆ. ಇಲ್ಲಿರುವುದು ಒಂದೇ, ಅದೂ ರಟ್ಟಿನದು.

"ಇಷ್ಟು ವರ್ಷ ನನಗೂ ಹೇಳಲಿಲ್ಲವಲ್ಲ?" ಎಂದೆ. ನನ್ನ ದನಿಯಲ್ಲಿ ಬೇಸರವಿತ್ತು.

ಅವಳು ತಟ್ಟೆ ತೊಳೆಯುತ್ತಾ, ತಿರುಗಿಯೂ ನೋಡದೆ ಅಂದಳು: "ನೀವೂ ಹೇಳಲಿಲ್ಲ. ಹೋದ ವರ್ಷ ಅಕ್ಕಿ ಕೇಳಲು ಬಂದಾಗ ನಿಮ್ಮ ಡಬ್ಬ ಸರಿಸಿದ್ದು ನಾನೇ ಅಲ್ವಾ?"