ಬಾಗಿಲ ಬಳಿಯ ತಾಟು

ಈ ಹಿತ್ತಾಳೆ ತಾಟಿಗೆ ಆರುನೂರು ರೂಪಾಯಿ ಕೊಟ್ಟೆ. ಶಹಾಬಾದಿನ ಗುಜರಿ ಅಂಗಡಿಯವನು ಕೇಳಿದಷ್ಟೂ ಕೊಟ್ಟೆ. ಅಂಚು ಒಂದು ಕಡೆ ಸೊಟ್ಟಗಾಗಿದೆ, ಕಲಾಯಿ ಎಂದೋ ಹೋಗಿದೆ, ತೂಕಕ್ಕೆ ಹಾಕಿದರೆ ಅರ್ಧ ಬೆಲೆಯೂ ಬಾಳುವುದಿಲ್ಲ. ಕೊತ್ತಂಬರಿ ಸಿವುಡಿಗೂ ಚೌಕಾಸಿ ಮಾಡುವ ಮನುಷ್ಯ ನಾನು. ಹಳೆಯ ಪಾತ್ರೆ ಕೊಳ್ಳುವ ಮುಂಚೆ ಬೆರಳಿನ ಗೆಣ್ಣಿನಿಂದ ಬಡಿದು ನೋಡಬೇಕು, ಬಿರುಕಿದ್ದರೆ ದನಿಯಲ್ಲೇ ತಿಳಿಯುತ್ತದೆ. ಹಾಗೆಯೇ ಬಡಿದೆ. ಠಣ್ ಎಂದಿತು... ಬಾಯಿಗೆ ಬಂದಿದ್ದ ಚೌಕಾಸಿ ಅಲ್ಲೇ ನಿಂತಿತು. ಯಾರಾದರೂ ತಿರುಗಿ ನೋಡಿದರೇ ಎಂದು ಕಣ್ಣು ತಾನಾಗಿ ರಸ್ತೆಯ ಕಡೆ ಹೋಯಿತು. ಈ ವಯಸ್ಸಿನಲ್ಲೂ, ಇಷ್ಟು ವರ್ಷ ಹೋಟೆಲು ನಡೆಸಿದ ಮೇಲೂ, ವಾಡಿಯ ಆ ಸಂಜೆಗಳ ಹೆದರಿಕೆ ನನ್ನೊಳಗಿಂದ ಹೋಗಿಲ್ಲ.

ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮರುವರ್ಷ. ಹೆಂಡತಿಯ ಪಾಟ್ಲಿ ಬಳೆ ಮಾರಿ ವಾಡಿ ಜಂಕ್ಷನ್ನಿನ ಸ್ಟೇಷನ್ ರಸ್ತೆಯಲ್ಲಿ ಖಾನಾವಳಿ ತೆರೆದಿದ್ದೆ. ಒಳಗೆ ಅವಳು ರೊಟ್ಟಿ ಬಡಿಯುತ್ತಿದ್ದಳು, ಹೊರಗೆ ನಾನು ಬಡಿಸುತ್ತಿದ್ದೆ. ಮಧ್ಯಾಹ್ನಕ್ಕೆ ತೊಂದರೆ ಇರಲಿಲ್ಲ. ಹಾಸುಗಲ್ಲು ಹೇರುವ ಲಾರಿಯವರು, ರೈಲುಗಾಡಿ ಬದಲಿಸುವ ಮಂದಿ ಬರುತ್ತಿದ್ದರು. ಸಂತೆಯ ದಿನ, ಪಗಾರದ ವಾರ ಸಂಜೆಯೂ ಬೆಂಚು ತುಂಬುತ್ತಿತ್ತು. ಉಳಿದ ಸಂಜೆಗಳು ಮಾತ್ರ... ದೀಪ ಹಚ್ಚಲೋ ಬೇಡವೋ ಎಂದು ಕಡ್ಡಿಪೆಟ್ಟಿಗೆ ಹಿಡಿದು ನಿಲ್ಲುತ್ತಿದ್ದೆ. ಖಾಲಿ ಬೆಂಚಿನ ಮೇಲೆ ಬೆಳಕು ಬಿದ್ದರೆ ಕತ್ತಲೆಗಿಂತ ಹೆಚ್ಚು ಭಯ. ಬಂದವರು ಬಾಗಿಲಲ್ಲಿ ಇಣುಕಿ, ಒಳಗೆ ಯಾರೂ ಇಲ್ಲವೆಂದು ನೋಡಿ, ಮುಂದೆ ಹೋಗುತ್ತಿದ್ದರು. ಖಾಲಿ ಇದ್ದುದಕ್ಕೆ ಜನ ಬರುತ್ತಿರಲಿಲ್ಲ, ಜನ ಬಾರದ್ದಕ್ಕೆ ಖಾಲಿ ಇರುತ್ತಿತ್ತು. ಜಾಗದ ಮಾಲಕ ಒಮ್ಮೆ ಒಳಗೆ ಬಂದು, ನಿಂತಲ್ಲೇ ಗೋಡೆಯ ಅಳತೆಯನ್ನು ಕಣ್ಣಲ್ಲೇ ತೆಗೆದುಕೊಂಡು, "ದೀಪಾವಳಿ ತನಕ ನೋಡ್ತೀನಪಾ. ಸೈಕಲ್ ಅಂಗಡಿಯವ ಈ ಜಾಗಾ ಕೇಳ್ಲಿಕತ್ತಾನ" ಎಂದು ಹೋದ. ಅಂದಿನಿಂದ ಸಂಜೆಯ ತುತ್ತು ನನ್ನ ಗಂಟಲಲ್ಲಿ ಇಳಿಯುವುದು ನಿಂತಿತು.

ಖಾನಾವಳಿಯ ಹಿಂದಿನ ಓಣಿಯಲ್ಲಿ ಒಬ್ಬ ಹಿರಿಯರಿದ್ದರು. ಪ್ರಾಯದಲ್ಲಿ ತಾಲೀಮಿನಲ್ಲಿ ಕುಸ್ತಿ ಹಿಡಿದವರು, ಆಮೇಲೆ ಕಲ್ಲಿಗೆ ಪಾಲಿಶ್ ಹೊಡೆಯುವ ಕೆಲಸ. ಊರಿಗೆಲ್ಲ ಅವರು ಪೈಲ್ವಾನ್ ಚಾಚಾ. ಮನೆಯಾಕೆ ತೀರಿಕೊಂಡಿದ್ದರು, ಒಬ್ಬಳೇ ಮಗಳು ಚಿಂಚೋಳಿಯಲ್ಲಿ ಗಂಡನ ಮನೆಯಲ್ಲಿದ್ದಳು. ಮೊದಲ ದಿನ ಬಂದಾಗ ಬಗಲಲ್ಲಿ ತಮ್ಮದೇ ಹಿತ್ತಾಳೆ ತಾಟು ಇತ್ತು. ಆಗ ಕೆಲವು ಅಂಗಡಿಗಳಲ್ಲಿ ಅವರ ಮಂದಿಗೆ ಬೇರೆ ಲೋಟ, ಬೇರೆ ತಾಟು ಇಡುತ್ತಿದ್ದರು. ಆ ಮಾತು ಬರುವುದೇ ಬೇಡ ಎಂದುಕೊಂಡರೋ ಏನೋ... ನಾನು ಆ ತಾಟಿಗೇ ಬಡಿಸಿದೆ. ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು, ಪುಂಡಿಪಲ್ಯ, ಶೇಂಗಾ ಹಿಂಡಿ ಹಾಕಿಸಿಕೊಂಡು, ರೊಟ್ಟಿ ಮುಗಿದಾಗ ಮತ್ತೊಂದು ಬೇಕೆಂದು ಗೆಣ್ಣಿನಿಂದ ತಾಟು ಬಡಿದರು. ಠಣ್! ರಸ್ತೆಯ ಆಚೆ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು. ಅವರು ಉಣ್ಣುವ ರೀತಿಯೇ ಹಾಗಿತ್ತು. ರೊಟ್ಟಿ ಮುರಿಯುವಾಗಲೂ ಅವಸರವಿಲ್ಲ, ಖಾರ ಹತ್ತಿದರೆ ನಗುವವರು. ನೋಡುತ್ತ ನಿಂತ ಆ ಇಬ್ಬರೂ ಒಳಗೆ ಬಂದು ಕೂತರು.

ವ್ಯಾಪಾರದ ಕಣ್ಣು ನನಗೆ ಆಗಲೇ ಇತ್ತು. ಮರುದಿನವೇ ಮಾತು ತೆಗೆದೆ.

"ಚಾಚಾ, ದಿನಾ ಸಂಜಿಗಿ ಇಲ್ಲೇ ಬಾಗಲಾಗ ಕುಂದರ್ರಿ. ಅರ್ಧ ರೊಕ್ಕ ಕೊಟ್ರ ಸಾಕು."

"ನನ್ನ ಹೊಟ್ಟಿಗಿ ಪಗಾರ ಕೊಡ್ತಿ ಏನೋ ಸಾವ್ಕಾರ?" ಎಂದು ಹೊಟ್ಟೆ ಅಲುಗಿಸಿ ನಕ್ಕರು. "ರೊಕ್ಕ ಪೂರಾ ಕೊಡ್ತೀನಿ. ಆದ್ರ ರೊಟ್ಟಿ ಹಂಚಿನ ಮ್ಯಾಲಿಂದ ಸೀದಾ ನನ್ನ ತಾಟಿಗಿ ಬರಬೇಕು. ಆರಿದ್ದು ಬಂತಂದ್ರ ಒಳಗಿನ ಬೆಂಚಿಗಿ ಹೋಗಿ ಕುಂಡ್ರತೀನಿ, ನೋಡು."

ನಾನು ಮಾಡಿದ ಚೌಕಾಸಿಗಳಲ್ಲಿ ಎದುರಿನವನು ನನಗಿಂತ ಚೆನ್ನಾಗಿ ಆಡಿದ್ದು ಅದೊಂದೇ. ತಾಟಿನ ಸಪ್ಪಳ ಸಂಜೆಗೆ ಸೇರಿತು. ಒಬ್ಬರು, ಇಬ್ಬರು ಬರತೊಡಗಿದರು.

ಅಷ್ಟರಲ್ಲಿ ರಂಜಾನ್ ಬಂತು. ಚಾಚಾ ಈ ತಿಂಗಳು ರೋಜಾದ ಉಪವಾಸವನ್ನು ಸಂಜೆ ಮನೆಯಲ್ಲೇ ಬಿಡುತ್ತಾರೆ, ಬಾಗಿಲ ಜಾಗ ಖಾಲಿಯಾಗುತ್ತದೆ, ದೀಪಾವಳಿಯೊಳಗೆ ನನ್ನ ಕಥೆ ಮುಗಿಯುತ್ತದೆ ಎಂದುಕೊಂಡೆ. ಮೊದಲ ರೋಜಾದ ದಿನ ಹೊತ್ತು ಮುಳುಗುವ ಮುಂಚೆಯೇ ಚಾಚಾ ಬಂದರು. ಎದುರಿಗೆ ತಾಟು, ತಾಟಿನಲ್ಲಿ ಖಜೂರ ಮಾತ್ರ. ಕೈ ತೊಡೆಯ ಮೇಲಿಟ್ಟು, ರಸ್ತೆ ನೋಡುತ್ತ ಕೂತರು. ಉಣ್ಣುವವನಿಗಿಂತ ಉಣ್ಣಲು ಕಾದು ಕೂತವನು ಹೆಚ್ಚು ಜನರನ್ನು ನಿಲ್ಲಿಸುತ್ತಾನೆಂದು ಅಂದು ಕಂಡೆ. ಒಬ್ಬ ಲಾರಿ ಡ್ರೈವರ್ ಇಣುಕಿದ.

"ಇಲ್ಲಿ ರೋಜಾ ಬಿಡಬೋದೇನ್ರಿ?"

ನಾನು ಬಾಯಿ ತೆರೆಯುವ ಮುಂಚೆ ಚಾಚಾ ಹೇಳಿದರು: "ಬರ್ರಿ, ಕುಂದ್ರಿ. ಮಾಲಕ ಭಾಳ ಪುಕ್ಕಲ ಅದಾನ, ಊಟ ಚಲೋ ಅದ."

ಹೊತ್ತು ಮುಳುಗುವಾಗ ಮನೆ ಮುಟ್ಟಲಾಗದವರು ವಾಡಿಯಲ್ಲಿ ಅಷ್ಟೊಂದು ಜನರಿದ್ದರೆಂದು ನನಗೆ ತಿಳಿದಿರಲಿಲ್ಲ. ದಂಡೋತಿಯ ಬಸ್ಸು ತಪ್ಪಿದವರು, ಪಾಳಿ ಮುಗಿಸಿದ ಸಿಮೆಂಟ್ ಫ್ಯಾಕ್ಟರಿಯ ಕೂಲಿಗಳು, ಸೇಡಮ್ ಕಡೆಯ ಗಾಡಿಗೆ ಕಾಯುವವರು. ಎದುರಿನ ಮಸೀದಿಯಲ್ಲಿ ಬಾಂಗ್ ಕೂಗುತ್ತಲೇ ಖಜೂರ, ನೀರು; ಅಲ್ಲಿಗೆ ಹೋಗಿ ನಮಾಜು; ತಿರುಗಿ ಬಂದು ಬಿಸಿ ರೊಟ್ಟಿ. ಬೆಂಚು ತುಂಬಿದ್ದು ನೋಡಿ ರೋಜಾ ಇಲ್ಲದವರೂ ಬಂದರು. ಆದರೂ ನನ್ನ ಭಯ ಹೋಗಲಿಲ್ಲ, ಮುಖ ಬದಲಿಸಿತು ಅಷ್ಟೆ. ಚಾಚಾ ಕೆಮ್ಮುತ್ತಿದ್ದರು. ಎಷ್ಟೋ ವರ್ಷದ ಕಲ್ಲಿನ ಪುಡಿ ಎದೆಗೆ ಇಳಿದಿತ್ತು. ಪ್ರತಿ ಕೆಮ್ಮಿಗೂ ನಾನು ಬಡಿಸುವುದು ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದೆ.

ಒಂದು ಸಂಜೆ ಅವರು ಬರಲಿಲ್ಲ. ಅದೇ ಡ್ರೈವರ್ ಬಾಗಿಲಿಗೆ ಬಂದು, "ಚಾಚಾ ಇಲ್ಲೇನ್ರಿ?" ಎಂದು ಖಾಲಿ ಬೆಂಚು ನೋಡಿ ಹಿಂದೆ ಸರಿದ. ಅವನ ಹಿಂದೆ ಬಂದ ಇಬ್ಬರೂ ಅನುಮಾನಿಸಿ ನಿಂತರು. ಹೆಂಡತಿಯನ್ನು ಮುಂದೆ ನಿಲ್ಲಿಸಿ ಓಣಿಯ ಕಡೆ ಓಡಿದೆ. ಕದ ಮುಚ್ಚಿತ್ತು, ಒಳಗೆ ಸಪ್ಪಳವಿರಲಿಲ್ಲ. ದೂಡಲು ಕೈ ಬರಲಿಲ್ಲ... ಆ ಕದದ ಮುಂದೆ ನಿಂತಾಗ ಖಾನಾವಳಿ, ಪಾಟ್ಲಿ, ದೀಪಾವಳಿ ಯಾವುದೂ ನೆನಪಿರಲಿಲ್ಲ. ಈ ಮನುಷ್ಯ ಬದುಕಿರಲಿ ಎಂಬುದೊಂದೇ ಇತ್ತು.

ಒಳಗಿಂದ ಕೆಮ್ಮು ಕೇಳಿತು. ಚಾಚಾ ಹೊರಸಿನ ಮೇಲೆ ಗೋಡೆಗೆ ಒರಗಿದ್ದರು. ಎದ್ದು ನಿಲ್ಲುವ ಕಸುವು ಇರಲಿಲ್ಲ. ಕಣ್ಣು ಮಾತ್ರ ಹಾಗೇ ಇತ್ತು.

"ದುಕಾನ ಬಿಟ್ಟು ಯಾಕ ಬಂದಿ?"

"ಮಂದಿ ನಿಮ್ಮನ್ನ ಕೇಳ್ಲಿಕತ್ತಾರ ಚಾಚಾ. ನೀವಿಲ್ಲಂತ ತಿರುಗಿ ಹೊಂಟಾರ."

"ನನ್ನ ಮಾರಿ ನೋಡ್ಲಿಕ್ಕಿ ಬರ್ತಾರೇನು? ಒಂದ್ ಮಾತ್ ಕೇಳ್ತೀನಿ, ಖರೇ ಹೇಳು ತಮ್ಮಾ. ನಿನ್ನ ದುಕಾನದಾಗ ನೀ ಉಂಡಿದ್ದು ಯಾರರೆ ನೋಡ್ಯಾರೇನು?"

ಯಾರೂ ನೋಡಿರಲಿಲ್ಲ. ಖಾನಾವಳಿಯವರ ರೂಢಿ ಅದು. ಗಿರಾಕಿಗಳೆಲ್ಲ ಎದ್ದ ಮೇಲೆ, ಒಳಗೆ ಒಲೆಯ ಮುಂದೆ, ಗೋಡೆಗೆ ಮುಖ ಮಾಡಿ ಉಣ್ಣಬೇಕು. ಗಿರಾಕಿಯ ಎದುರು ಮಾಲಕ ಉಂಡರೆ ಅಮರ್ಯಾದೆ ಎಂದು ನಮ್ಮಪ್ಪನ ಕಾಲದಿಂದ ಕಲಿತದ್ದು. ಮೇಲಾಗಿ ಆಗ ನಾನು ಸಂಜೆ ಉಣ್ಣುವುದನ್ನೇ ಬಿಟ್ಟಿದ್ದೆ.

"ಮಾಡಿದಾವ್ನ ಬಾಯಿಗಿ ಹೋಗಲಾರದ್ದು ಅವರು ಹ್ಯಾಂಗ ಉಣಬೇಕು? ಅಂಜಿಕಿ ನಿನ್ನ ಮಾರಿ ಮ್ಯಾಲ ಕುಂತದ, ಬಾಗಲಾಗ ನಿಂತಾವ್ನಿಗಿ ಕಾಣ್ತದ" ಎಂದು ಮೂಲೆಯ ತಾಟು ತೋರಿಸಿದರು. "ಒಯ್ಯಿ. ನನ್ನ ಜಾಗಾದಾಗ ಕುಂದ್ರು. ಬಿಸೀದು ತರಿಸ್ಕೊ, ಬಿಡಬ್ಯಾಡ."

ತಾಟನ್ನು ಬಗಲಲ್ಲಿ ಮರೆಮಾಡಿಕೊಂಡು ರಸ್ತೆಗೆ ಬಂದೆ. ಲಿಂಗಾಯತರ ಖಾನಾವಳಿಯವನು ಪೈಲ್ವಾನ್ ಚಾಚಾನ ತಾಟಿನಲ್ಲಿ ರಸ್ತೆಗೆ ಮುಖ ಮಾಡಿ ಉಂಡನೆಂದು ನಾಳೆ ಓಣಿಯಲ್ಲಿ ಏನು ಮಾತು ಬರುತ್ತದೋ, ಮಧ್ಯಾಹ್ನದ ಗಿರಾಕಿಗಳೂ ಹೋದರೆ ಏನು ಗತಿಯೋ. ಹೆಂಡತಿ ತಾಟು ನೋಡಿದಳು, ನನ್ನ ಮುಖ ನೋಡಿದಳು. ಹಂಚಿನಿಂದ ರೊಟ್ಟಿ ಎತ್ತಿ ಹಾಕಿದಳು. ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತೆ, ಬಾಂಗ್ ಆಯಿತು. ಮೊದಲ ತುತ್ತು ಗಂಟಲಲ್ಲೇ ನಿಂತಿತು, ಪುಂಡಿಪಲ್ಯದ ಹುಳಿಗೆ ಕಣ್ಣಲ್ಲಿ ನೀರು ಬಂತು. ಎರಡನೆಯದು ಇಳಿಯಿತು. ಗೆಣ್ಣಿನಿಂದ ತಾಟು ಬಡಿದೆ. ಠಣ್! ಬೀದಿಯ ಆಚೆ ಬೀಡಾ ಅಂಗಡಿಯ ಹತ್ತಿರ ನಿಂತಿದ್ದ ಡ್ರೈವರ್ ತಿರುಗಿ ನೋಡಿ ನಕ್ಕು, "ಮಾಲಕ ಉಣ್ಲಿಕತ್ತಾನ, ಬರ್ರಿ ಬರ್ರಿ" ಎಂದು ಉಳಿದಿಬ್ಬರನ್ನೂ ಕರೆದುಕೊಂಡು ಬಂದ.

ಅಂದು ಚಾಚಾಗೆ ಗಂಜಿ, ಬಿಸಿ ರೊಟ್ಟಿ ಒಯ್ದುಕೊಟ್ಟೆ. ಹಬ್ಬದ ಚಂದ್ರನನ್ನು ಅವರು ಹೊರಸಿನ ಮೇಲಿಂದಲೇ ನೋಡಿದರು. ದೀಪಾವಳಿ ದಾಟಿತು, ಸೈಕಲ್ ಅಂಗಡಿಯವನು ಬೇರೆ ಕಡೆ ಜಾಗ ಹಿಡಿದ. ಚಾಚಾ ಆ ಚಳಿಗಾಲ ದಾಟಲಿಲ್ಲ... ತಾಟನ್ನು ಮಗಳು ಚಿಂಚೋಳಿಗೆ ಒಯ್ದಳು. ಕೇಳಬೇಕೆಂದು ಬಾಯಿಗೆ ಬಂದಿತ್ತು. ಅಪ್ಪನ ತಾಟನ್ನು ಎದೆಗೆ ಅವಚಿಕೊಂಡವಳ ಹತ್ತಿರ ಚೌಕಾಸಿ ಮಾಡುವುದು ಹೇಗೆ?

ಗುಜರಿಯಲ್ಲಿ ಸಿಕ್ಕದ್ದು ಅದೇ ತಾಟಲ್ಲ, ನನಗೆ ಗೊತ್ತು. ದನಿ ಮಾತ್ರ ಅದೇ. ಇಂದು ಕಲಾಯಿ ಮಾಡಿಸಿಕೊಂಡು ಬಂದೆ.

ಹೋಟೆಲು ಇಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ಮಾತು ಕೇಳಿ. ಗಿರಾಕಿ ಇಲ್ಲದ ಸಂಜೆ ದರ ಇಳಿಸಬೇಡಿ. ಇಳಿಸಿದ ದರ ಮತ್ತೆ ಏರುವುದಿಲ್ಲ. ಬಾಗಿಲಿಗೆ ಬಂದು ನಿಂತು, ಆ ಹೊತ್ತಿನಲ್ಲಿ ಮನೆ ಮುಟ್ಟಲಾಗದೆ ನಿಮ್ಮ ಊರಲ್ಲಿ ಸಿಕ್ಕಿಕೊಂಡವರು ಯಾರೆಂದು ನೋಡಿ. ನಿಮ್ಮ ಗಿರಾಕಿ ಅವರೇ. ಬಾಗಿಲ ಪಕ್ಕದ ಜಾಗ ಮಾತ್ರ ಖಾಲಿ ಬಿಡಬೇಡಿ. ಯಾರೂ ಇಲ್ಲದಿದ್ದರೆ ನೀವೇ ಕೂತು, ರಸ್ತೆಗೆ ಮುಖ ಮಾಡಿ, ಬಿಸಿಯದನ್ನು ಬಡಿಸಿಕೊಂಡು ಉಣ್ಣಿ. ಅಂಜಿಕೆ ಹೋಗುವ ತನಕ ಕಾಯಬೇಡಿ, ಅದು ಹೋಗುವುದಿಲ್ಲ. ಎರಡನೆಯ ತುತ್ತು ಇಳಿಯುತ್ತದೆ.