ಅತ್ತೆಯ ತೊಗರಿಗೆ ಮೌಲಾ ಮಾಮಾನ ಉಪಕಾರ

ನಿಮ್ಮ ಹೊಲಕ್ಕೆ ಯಾರಾದರೂ ಪ್ರೀತಿಯಿಂದ ವಿಷ ಹೊಡೆದಿದ್ದಾರೆಯೇ? ನಮ್ಮ ಅತ್ತೆಯ ಹೊಲಕ್ಕೆ ಹೊಡೆದಿದ್ದಾರೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ, ದುಬಲಗುಂಡಿಯ ಶರಣಮ್ಮ. ಎರಡು ಎಕರೆ ತೊಗರಿ, ಒಂದು ಎಮ್ಮೆ, ಮೂರು ಹೊಲದಾಚೆ ಕೇಳುವ ಗಂಟಲು. ಎರಡು ವರ್ಷದಿಂದ ಆಕೆ ಹೊಲಕ್ಕೆ ಸರಕಾರಿ ಗೊಬ್ಬರ ಹಾಕಿಲ್ಲ, ಎಣ್ಣಿ ಹೊಡೆದಿಲ್ಲ. (ಎಣ್ಣಿ ಅಂದರೆ ಕೀಟನಾಶಕ. ಬೆಂಗಳೂರಿನ ಓದುಗರು ಬೇರೆ ಅರ್ಥ ಮಾಡಿಕೊಳ್ಳಬಾರದು. ಸರಕಾರಿ ಗೊಬ್ಬರ ಅಂದರೆ ರಾಸಾಯನಿಕ ಗೊಬ್ಬರ. ಆ ಹೆಸರು ಯಾಕೆ ಬಂತೆಂದು ಕೇಳಬೇಡಿ. ಸರ್ಕಾರ ಯಾವ ಚೀಲದ ಕಡೆ ಇದೆ ಅನ್ನುವುದು ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು.)

ಮೂರು ವರ್ಷ ಹೀಗೆ ದಾಟಿದರೆ ಸಾವಯವ ಸರ್ಟಿಫಿಕೇಟ್ ಸಿಗುತ್ತದೆ, ತೊಗರಿಗೆ ಒಳ್ಳೆಯ ರೇಟ್ ಸಿಗುತ್ತದೆ. ಊರಿನ ಆರು ಹೆಂಗಸರು ಗುಂಪು ಮಾಡಿಕೊಂಡಿದ್ದಾರೆ. ಒಬ್ಬರ ಹೊಲ ಇನ್ನೊಬ್ಬರು ಹೊಕ್ಕು ನೋಡಿ ಸಹಿ ಹಾಕಬೇಕು. ಅತ್ತೆಗೆ ಇದು ಮೂರನೆಯ ವರ್ಷ.

ತೊಗರಿಗೆ ಹುಳ ಬಿದ್ದರೆ ಆಕೆಯದು ಒಂದೇ ಔಷಧ. ಬಿಸಿಲೇರುವ ಮೊದಲು ಗಿಡದ ಬುಡಕ್ಕೆ ಹಳೆ ಸೀರೆ ಹಾಸುವುದು, ಗಿಡ ಹಿಡಿದು ಝಾಡಿಸುವುದು. ಉದುರಿದ ಹುಳ ಕೋಳಿಗೆ. ಎರಡು ಎಕರೆ ಝಾಡಿಸಿದ ಮೇಲೆ ರಟ್ಟೆ ಏನಾಗುತ್ತದೆ ಅಂತ ಒಮ್ಮೆ ಮಾಡಿ ನೋಡಿ. ನಾನು ಅರ್ಧ ಸಾಲಿಗೇ ಕೂತೆ.

ಈ ಸಲ ತೊಗರಿ ಹೂವಿನಲ್ಲಿದ್ದಾಗಲೇ ಬಸವಕಲ್ಯಾಣದಲ್ಲಿರುವ ಮಗಳ ಹೆರಿಗೆ ಬಂತು. ಬಾಣಂತನಕ್ಕೆ ಅತ್ತೆ ಹೋಗಲೇಬೇಕು. ಹೊಲ? ಬದುವಿನಾಚೆ ಮೌಲಾ ಮಾಮಾ ಇದ್ದಾರಲ್ಲ! ನಲವತ್ತು ವರ್ಷದಿಂದ ಈಕೆಯ ಬಿತ್ತನೆಗೆ ಅವರು, ಅವರ ಒಕ್ಕಣೆಯ ರಾಶಿಗೆ ಈಕೆ.

"ಅಕ್ಕಾ, ನೀ ಬಾಣಂತಿ ನೋಡ್ಕೊ. ಹೊಲದ ಫಿಕರ್ ಬಿಡು. ನಾ ಅದೀನಲಾ!" ಅಂದರು ಮಾಮಾ.

ಫಿಕರ್ ಬಿಟ್ಟು ಹೋದ ಅತ್ತೆ ಮೂರು ವಾರಕ್ಕೆ ಮರಳಿದಾಗ ಹೊಲ ಕಣ್ಣಿಗೆ ಹಬ್ಬವಾಗಿತ್ತಂತೆ. "ಒಂದ ಒಂದು ಹುಳ ತೋರ್ಸು ನೋಡಮು," ಎಂದು ಮಾಮಾ ಸವಾಲು ಹಾಕಿದರಂತೆ. ತಮ್ಮ ಹೊಲಕ್ಕೆ ಹೊಡೆಯುವಾಗಲೇ, ಅಕ್ಕ ಇಲ್ಲವಲ್ಲ ಪಾಪ ಎಂದು, ಈಕೆಯ ಹೊಲಕ್ಕೂ ಎರಡು ಸಲ ಎಣ್ಣಿ ಹೊಡೆದಿದ್ದರು. ತಮ್ಮದೇ ಎಣ್ಣಿ, ತಮ್ಮದೇ ಪಂಪು. ಎಣ್ಣಿಗೆ ದುಡ್ಡಿಲ್ಲದೆ ಈಕೆ ಗಿಡ ಝಾಡಿಸುತ್ತಾಳೆ ಎಂದೇ ಅವರು ತಿಳಿದಿದ್ದರು.

ಊರನ್ನೇ ಬೈಯುವ ಅತ್ತೆ ಅವತ್ತು ಉಪಕಾರ ಮಾಡಿದವರಿಗೆ ಚಹಾ ಕೊಟ್ಟು ಕಳಿಸಿದಳಂತೆ.

ನನಗೆ ಇದೆಲ್ಲ ತಿಳಿದದ್ದು ಎಳ್ಳಮಾವಾಸ್ಯೆಯ ದಿನ. ಹುಮನಾಬಾದಿನಿಂದ ಭಜ್ಜಿ, ಅಂಬಲಿ ಆಸೆಗೆ ಹೋಗಿದ್ದೆ. (ಭಜ್ಜಿ ಅಂದರೆ ಕರಿದದ್ದಲ್ಲ, ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಪಲ್ಯ.) ಹೊಲದಲ್ಲಿ ಪೂಜೆ ಮಾಡಿ, ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಎಲ್ಲರೂ ಊಟಕ್ಕೆ ಕೂತೆವು. ಮೌಲಾ ಮಾಮಾ ಎಂದಿನಂತೆ ನನ್ನ ಪಕ್ಕ. ಭಜ್ಜಿಗೆ ಹಾಕುವ ಹಸಿ ತೊಗರಿ ಕಾಳು ಹೊಲದ್ದೇ ಆಗಬೇಕು. ಅದೇ ಅದರ ಗಮ್ಮತ್ತು. ಮಾಮಾ ಎರಡು ತುತ್ತು ತಿಂದು ನಿಲ್ಲಿಸಿದರು.

"ಅಕ್ಕಾ, ಇದು ಬಜಾರದ ಕಾಳು. ಹೊಲ ತುಂಬ ಕಾಯಿ ಇಟ್ಕೊಂಡು ಬಜಾರದ್ದು ಯಾಕ ತಂದಿ?"

ಅತ್ತೆ ಅಂಬಲಿ ಬಡಿಸುತ್ತಲೇ ಇದ್ದಳು. ಕೊನೆಗೆ, "ಎಣ್ಣಿ ಹೊಡದದ್ದು ಮಕ್ಕಳಿಗಿ ಹ್ಯಾಂಗ ತಿನಸಲಿ, ಮೌಲಾ ಭಾಯಿ?" ಅಂದಳು.

ಆಮೇಲೆ ಸರ್ಟಿಫಿಕೇಟಿನ ಮಾತೂ ಹೊರಬಂತು. ಮಾಮಾನ ಮುಖ ನೋಡಲಾಗಲಿಲ್ಲ. "ಗಲತಿ ಆತಲಾ ಅಕ್ಕಾ!" ಅಂದರು. ಸ್ವಲ್ಪ ಹೊತ್ತಿಗೆ ದನಿ ತಗ್ಗಿಸಿ, "ಯಾರಿಗಿ ಗೊತ್ತಾಗ್ತದ? ಸುಮ್ನ ಇದ್ದು ಬಿಡು," ಅಂದರು.

ನಾನೂ ಹೂಂಗುಟ್ಟಿದೆ. (ವಾರ ವಾರ ನಿಮಗೆ ಉಪದೇಶ ಮಾಡುವ ನಾನೇ! ನಾಚಿಕೆಯಾಗುತ್ತದೆ.)

ಅತ್ತೆ ನನ್ನ ಕಡೆ ತಿರುಗಿದಳು. "ಏ ಪೋರಿ, (ನನಗೆ ಐವತ್ತೆರಡು) ಹೋದ ವರ್ಷ ನಮ್ಮ ಗುಂಪಿನ ಕಮಲಾಬಾಯಿ ಹೊಲ ನೋಡಿ ನಾ ಸಹಿ ಹಾಕೀನಿ. ಈ ವರ್ಷ ಆಕಿ ನಂದು ನೋಡಿ ಹಾಕ್ತಾಳ. ಆಕಿ ಕೈಲೆ ಸುಳ್ಳ ಹ್ಯಾಂಗ ಬರಸಲಿ?"

ಮೂರು ದಿನಕ್ಕೆ ಗುಂಪಿನ ಸಭೆ, ನಾನೂ ಉಳಿದಿದ್ದೆ. ಅತ್ತೆ ಎದ್ದು ನಿಂತು ಎಲ್ಲ ಹೇಳಿದಳು. ಬಂದಿದ್ದ ಸರ್ಟಿಫಿಕೇಟಿನ ಅಧಿಕಾರಿ ಒಳ್ಳೆಯ ಮನುಷ್ಯ, ಪೆನ್ನು ಕೆಳಗಿಟ್ಟರು. ಆಮೇಲೆ, "ಅಮ್ಮಾ, ಮೊದಲನೇ ವರ್ಷದಿಂದ ಮತ್ತ ಸುರು ಮಾಡಬೇಕ್ರಿ. ನಿಯಮ ಹಂಗ ಅದರಿ," ಅಂದರು.

ಎರಡು ವರ್ಷ ಝಾಡಿಸಿದ ರಟ್ಟೆಯ ದುಡಿಮೆ ನೀರಿನಲ್ಲಿ ಹೋಮ.

ನಿಯಮ ಬೇಡವೇ? ಬೇಕು. ತಿನ್ನುವವನಿಗೆ ಮೋಸ ಆಗಬಾರದು. ನನ್ನ ಹೊಟ್ಟೆ ಉರಿಯುವುದು ಬೇರೆ ಕಡೆ. ಗೊಬ್ಬರದ ಅಂಗಡಿಗೆ ಹೋಗಿ. ಆಧಾರ್ ತೋರಿಸಿ, ಹೆಬ್ಬೆಟ್ಟು ಒತ್ತಿ, ಸಬ್ಸಿಡಿ ಚೀಲ ಹೊತ್ತುಕೊಂಡು ಬನ್ನಿ. ಎಷ್ಟು ಸುರಿದಿರಿ ಎಂದು ಯಾರೂ ಹೊಲಕ್ಕೆ ಬರುವುದಿಲ್ಲ. ಸುರಿಯುವುದಿಲ್ಲ ಅನ್ನಿ ನೋಡೋಣ. ರಿಜಿಸ್ಟರ್, ಫೋಟೊ, ಸಹಿ, ಮೂರು ವರ್ಷದ ಸಾಕ್ಷಿ! ಚೀಲಕ್ಕೆ ಸಬ್ಸಿಡಿ ಇದೆ, ಗಿಡ ಝಾಡಿಸುವ ಕೂಲಿಗೆ ಇದೆಯೇ? ಪಕ್ಕದ ಹೊಲದ ಎಣ್ಣಿ ಗಾಳಿಗೆ ಹಾರಿ ಬಂದರೆ ನಷ್ಟ ಯಾರದು? ಮತ್ತೆ ಶರಣಮ್ಮನದೇ.

ಯೋಜನೆಗಳಿವೆ, ಇಲ್ಲ ಅನ್ನುವುದಿಲ್ಲ. ಆದರೆ ಯೋಜನೆ ಎಂದರೆ ನೆಂಟರ ಹಾಗೆ. ಬಂದಾಗ ಸಂತೋಷ, ಎಷ್ಟು ದಿನ ಇರುತ್ತಾರೋ ದೇವರೇ ಬಲ್ಲ. ಕಾಯ್ದೆ ಮನೆಯವರ ಹಾಗೆ. ಜಗಳ ಮಾಡಿಯಾದರೂ ಹಕ್ಕಿನಿಂದ ಕೇಳಬಹುದು. ದೇಶದ ಕೃಷಿ ಕಾಯ್ದೆಯಲ್ಲಿ ವಿಷ ಹೊಡೆಯುವುದನ್ನು ಬಿಟ್ಟವರಿಗೊಂದು ಜಾಗ ಬೇಕು. ಬಿಟ್ಟ ಮೊದಲ ಮೂರು ವರ್ಷ ಕೈ ಹಿಡಿಯುವ ಮಾತು ಅದರಲ್ಲಿ ಬರೆದಿರಬೇಕು. ಇದನ್ನೇ ನಮ್ಮ ಎಂಪಿ ಸಾಹೇಬರಿಗೆ ಪತ್ರ ಬರೆದಿದ್ದೇನೆ. ಅತ್ತೆ ಹೇಳಿದಳು, ನಾನು ಬರೆದೆ. ಬೈಗುಳ ಮಾತ್ರ ಬಿಟ್ಟಿದ್ದೇನೆ.

ಸಭೆಯ ಮಾತು ಪೂರ್ತಿ ಹೇಳಲಿಲ್ಲ. ಅಧಿಕಾರಿ ಏಳುವ ಹೊತ್ತಿಗೆ ಬಾಗಿಲಲ್ಲಿ ಮೌಲಾ ಮಾಮಾ ನಿಂತಿದ್ದರು.

"ಸಾಹೇಬ್ರ, ಗಲತಿ ನಂದು. ಶಿಕ್ಷಾ ಅಕ್ಕಗ ಯಾಕ್ರಿ? ಎಣ್ಣಿ ಹೊಡಿ ಅಂತ ಹೇಳ್ಲಿಕ್ಕಿ ಕಂಪನಿಯವ್ರು ದಿನಾ ಬರ್ತಾರ. ಬ್ಯಾಡ ಅಂತ ಹೇಳ್ಲಿಕ್ಕಿ ಒಬ್ರೂ ಬಂದಿಲ್ರಿ."

ಅಧಿಕಾರಿ ರಿಜಿಸ್ಟರ್ ತೆರೆದು ನಿಯಮದ ಹಾಳೆ ತೋರಿಸಿದರು.

"ಆಯ್ತು ಬಿಡ್ರಿ. ನಂದೂ ಹೆಸರು ಬರಕೊಳ್ರಿ. ಅಕ್ಕನ ಜೋಡಿ ನಾನೂ ಒಂದರಿಂದ ಎಣಸ್ತೀನಿ."

ಅತ್ತೆ ಆಗ ಬೈದಳು ನೋಡಿ! "ನಿನಗ ತಲಿ ಕೆಟ್ಟದೇನು? ಬೆಳಿ ಕಮ್ಮಿ ಬಂದ್ರ ಮನಿಮಂದಿ ಏನ್ ತಿಂತಾರ?" ಬೈಯುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮಾಮಾ ನಗುತ್ತಾ ಹೆಬ್ಬೆಟ್ಟು ಒತ್ತಿದರು.

ತಿಳಿಯದೆ ಮಾಡಿದ ಒಂದು ತಪ್ಪಿಗೆ ಮೌಲಾ ಮಾಮಾ ಮೂರು ವರ್ಷದ ಬೆಳೆಯನ್ನೇ ಪಣಕ್ಕಿಟ್ಟಿದ್ದಾರೆ, ತಿಳಿದೂ ಸುಮ್ಮನಿರುವ ದೆಹಲಿಗೆ ಕಾಯ್ದೆಯಲ್ಲಿ ಒಂದು ಸಾಲು ಬರೆಯಲಿಕ್ಕೆ ಅಷ್ಟು ಕಷ್ಟವೇ?